ಜಯನಗರ ಸಿಕ್ಕಿತು, ಪೀಣ್ಯ ಸಿಗಲಿಲ್ಲ: ಮುಕ್ತ ತಂತ್ರಾಂಶವೊಂದಕ್ಕೆ ಮೊದಲ ತಿದ್ದುಪಡಿ

ಟಿಪ್ಪಣಿ ಬರೆದಿಡುವ ಒಂದು ಮುಕ್ತ ತಂತ್ರಾಂಶ. ಅದರ ಫೋಲ್ಡರಿನಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳ ಹೆಸರಿನ ಕಡತಗಳಿವೆ, ಹಳೆಯ ಮ್ಯಾಕ್ ಒಂದರಿಂದ ಲಿನಕ್ಸ್‌ಗೆ ತಂದವು. ಹುಡುಕುವ ಪೆಟ್ಟಿಗೆಯಲ್ಲಿ ‘ಜಯನಗರ’ ಎಂದು ಬರೆದರೆ ಸಿಗುತ್ತದೆ. ‘ಬನಶಂಕರಿ’ ಸಿಗುತ್ತದೆ, ‘ನಾಗಸಂದ್ರ’ವೂ ಸಿಗುತ್ತದೆ. ‘ಪೀಣ್ಯ’ ಸಿಗುವುದಿಲ್ಲ. ‘ಯಲಚೇನಹಳ್ಳಿ’, ‘ಬೈಯಪ್ಪನಹಳ್ಳಿ’, ‘ದೊಡ್ಡಕಲ್ಲಸಂದ್ರ’, ‘ಕೋಣನಕುಂಟೆ ಕ್ರಾಸ್’ ಯಾವುದೂ ಸಿಗುವುದಿಲ್ಲ. ಕಡತಗಳು ಪಕ್ಕದ ಪಟ್ಟಿಯಲ್ಲೇ ಕಾಣುತ್ತಿವೆ, ಹೆಸರಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಕಡತದ ಒಳಗೆ ಬರೆದ ‘ಪೀಣ್ಯ’ ಮಾತ್ರ ಸಿಗುತ್ತದೆ, ಶೀರ್ಷಿಕೆಯಾಗಿ ಕಾಣುವ ಕಡತದ ಹೆಸರಿನಲ್ಲಿರುವುದು ಸಿಗುವುದಿಲ್ಲ.

ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಬೇಕೆಂದು ಬರುವವರು ಸಾಮಾನ್ಯವಾಗಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಚೀಟಿ ಅಂಟಿಸಿದ ಕೆಲಸಗಳನ್ನು ಹುಡುಕುತ್ತಾರೆ. ಅದು ತಪ್ಪಲ್ಲ. ಆದರೆ ಹೆಸರುವಾಸಿ ಯೋಜನೆಗಳಲ್ಲಿ ಅಂಥ ಚೀಟಿ ಬಿದ್ದ ಗಂಟೆಯೊಳಗೆ ‘ನನಗೆ ಕೊಡಿ’ ಎನ್ನುವವರು ಹತ್ತು ಮಂದಿ ಸಾಲು ನಿಂತಿರುತ್ತಾರೆ. ಮೇಲಿನ ಪೀಣ್ಯದಂಥ ಬಗ್‌ಗೆ ಸಾಲೇ ಇರುವುದಿಲ್ಲ. ಅದನ್ನು ಕಾಣಲು ಕನ್ನಡ ಓದಲು ಬರಬೇಕು, ದಿನವೂ ಕನ್ನಡದಲ್ಲಿ ಟೈಪ್ ಮಾಡುತ್ತಿರಬೇಕು. ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ಎಷ್ಟೇ ನುರಿತವರಾದರೂ ಅವರ ಕಣ್ಣಿಗೆ ಇದು ಬೀಳದು. ಹಾಗಾಗಿ ಹೊಸಬರಿಗೆ, ಅದರಲ್ಲೂ ಕನ್ನಡದವರಿಗೆ, ಒಳಗೆ ಹೋಗಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಒಂದು ಬಗ್ ವರದಿಯಾಗಿ, ತಿದ್ದುಪಡಿಯಾಗಿ, ಯೋಜನೆಯೊಳಗೆ ಸೇರಿದ ಹಾದಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಬದಲಾದ ಕೋಡ್ ಹತ್ತು ಸಾಲಿಗಿಂತ ಕಡಿಮೆ. ಕೆಲಸವೆಲ್ಲ ಇದ್ದದ್ದು ಅದರ ಸುತ್ತ.

ಕಾಗುಣಿತದಲ್ಲೇ ಇದ್ದ ಉತ್ತರ

ಮೊದಲು ಬೇಕಾದದ್ದು ಎರಡು ‘ಪೀಣ್ಯ’ಗಳ ನಡುವಿನ ವ್ಯತ್ಯಾಸ. ಕಣ್ಣಿಗೆ ಕಾಣದ್ದನ್ನು ಸಂಖ್ಯೆ ತೋರಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದು, ಪದದ ಒಂದೊಂದು ಅಕ್ಷರದ ಮೇಲೂ ‘ಆರ್ಡ್’ ಫಂಕ್ಷನ್ ಓಡಿಸಿದರೆ ಅದರ ಯೂನಿಕೋಡ್ ಸಂಖ್ಯೆ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಗೊತ್ತುಮಾಡಿದ ಸಂಖ್ಯೆ) ಸಿಗುತ್ತದೆ. ಕೀಲಿಮಣೆಯಿಂದ ಟೈಪ್ ಮಾಡಿದ ಪೀಣ್ಯ ಹೀಗಿತ್ತು: 3242, 3264, 3235, 3277, 3247. ಕಡತದ ಹೆಸರಿನಿಂದ ಓದಿದ ಪೀಣ್ಯ: 3242, 3263, 3285, 3235, 3277, 3247. ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು. 3264 ಇರಬೇಕಾದ ಕಡೆ 3263 ಮತ್ತು 3285 ಎಂಬ ಎರಡು ಕುಳಿತಿವೆ.

ಶಾಲೆಯಲ್ಲಿ ಕಾಗುಣಿತ ಬಾಯಿಪಾಠ ಮಾಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. 3264 ಎಂದರೆ ‘ೀ’, ಗುಡಿಸಿನ ದೀರ್ಘ. 3263 ಎಂದರೆ ಗುಡಿಸು, 3285 ಎಂದರೆ ದೀರ್ಘದ ಗುರುತು. ನಾವು ಬಾಯಲ್ಲಿ ಹೇಳುವಂತೆಯೇ ಯೂನಿಕೋಡ್ ಕೂಡ ಈ ಚಿಹ್ನೆಯನ್ನು ಒಂದಾಗಿಯೂ ಬರೆಯುತ್ತದೆ, ಗುಡಿಸು ಮತ್ತು ದೀರ್ಘ ಎಂದು ಬಿಡಿಸಿಯೂ ಬರೆಯುತ್ತದೆ. ಎರಡೂ ಒಂದೇ ಎಂಬುದು ಯೂನಿಕೋಡ್‌ನ ನಿಯಮ. ಕೂಡಿಸಿ ಬರೆದ ರೂಪಕ್ಕೆ ಎನ್‌ಎಫ್‌ಸಿ ಎಂದೂ ಬಿಡಿಸಿ ಬರೆದ ರೂಪಕ್ಕೆ ಎನ್‌ಎಫ್‌ಡಿ ಎಂದೂ ಹೆಸರು. ಕನ್ನಡದಲ್ಲಿ ಹೀಗೆ ಬಿಡಿಸಬಹುದಾದ ಚಿಹ್ನೆಗಳು ಐದೇ ಐದು: ೀ, ೇ, ೈ, ೊ, ೋ. ‘ೇ’ ಎಂದರೆ ಎತ್ವ ಮತ್ತು ದೀರ್ಘ. ‘ೊ’ ಎಂದರೆ ಎತ್ವ ಮತ್ತು ಕೊಂಬಿನ ದೀರ್ಘ. ‘ೋ’ ಮೂರಾಗಿ ಒಡೆಯುತ್ತದೆ. ‘ೌ’ ಒಡೆಯುವುದಿಲ್ಲ. ಈಗ ನಿಲ್ದಾಣಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಸಿಗದ ಐದು ಹೆಸರುಗಳಲ್ಲಿ ಈ ಐದು ಚಿಹ್ನೆಗಳೂ ಒಂದೊಂದಾಗಿ ಇವೆ. ಸಿಕ್ಕ ಮೂರರಲ್ಲಿ ಒಂದೂ ಇಲ್ಲ. ‘ಬೆಂಗಳೂರು’ ಸಿಕ್ಕಿ ‘ಮೈಸೂರು’ ಸಿಗದಿರುವುದೂ ಇದರಿಂದಲೇ.

ಬಿಡಿಸಿದ ರೂಪ ಬಂದದ್ದೆಲ್ಲಿಂದ? 2017ರಲ್ಲಿ ಎಪಿಎಫ್‌ಎಸ್ ಬರುವವರೆಗೆ ಮ್ಯಾಕ್‌ಗಳು ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಪ್ರತಿಯೊಂದು ಕಡತದ ಹೆಸರನ್ನೂ ಬಿಡಿಸಿಯೇ ಡಿಸ್ಕಿಗೆ ಬರೆಯುತ್ತಿತ್ತು. ಹೆಸರನ್ನು ಮಾತ್ರ, ಒಳಗಿನ ಬರಹವನ್ನಲ್ಲ. ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆ ಸಾಮಾನ್ಯವಾಗಿ ಹೆಸರುಗಳನ್ನು ಬರಿಯ ಬೈಟ್‌ಗಳ ಸಾಲೆಂದು ನೋಡುತ್ತದೆ, ಬಂದದ್ದನ್ನು ಬಂದ ಹಾಗೆ ಇಟ್ಟುಕೊಳ್ಳುತ್ತದೆ. ಪೀಣ್ಯ ಒಂದು ಕಡೆ 15 ಬೈಟ್, ಇನ್ನೊಂದು ಕಡೆ 18. ತಂತ್ರಾಂಶ ಸಂಖ್ಯೆಗೆ ಸಂಖ್ಯೆ ತಾಳೆ ನೋಡಿ ‘ಇಲ್ಲ’ ಎನ್ನುತ್ತಿತ್ತು. ಶೀರ್ಷಿಕೆ ಸಿಗದೆ ಒಳಬರಹ ಸಿಗುತ್ತಿದ್ದುದರ ಗುಟ್ಟೂ ಇಷ್ಟೇ.

ವರದಿ

ಕಾರಣ ಗೊತ್ತಾದ ಕೂಡಲೇ ಕೋಡ್ ಬರೆಯಲು ಕೂರಬಾರದು. ಹಿಂದೆ ಯಾರಾದರೂ ಇದನ್ನು ಹೇಳಿದ್ದಾರೆಯೇ ಎಂದು ಹುಡುಕಬೇಕು, ಮುಚ್ಚಿದ ಇಶ್ಯೂಗಳನ್ನೂ (ಯೋಜನೆಯ ಪುಟದಲ್ಲಿ ದಾಖಲಾದ ವರದಿಗಳನ್ನೂ) ಸೇರಿಸಿ. ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗಲಿಲ್ಲ, ಸಿಗುವುದು ಅಪರೂಪವೇ. ಆದರೆ ಬಿಡಿಸುವ ಕೂಡಿಸುವ ತೊಂದರೆ ನಮ್ಮೊಬ್ಬರದಲ್ಲ. ಕೊರಿಯನ್ ಲಿಪಿಯ ಪ್ರತಿ ಅಕ್ಷರವೂ ಒಡೆಯುತ್ತದೆ, ವಿಯೆಟ್ನಾಮಿನ ಸ್ವರಚಿಹ್ನೆಗಳು ಒಡೆಯುತ್ತವೆ. ‘ನಾರ್ಮಲೈಸೇಶನ್’, ‘ಎನ್‌ಎಫ್‌ಡಿ’, ‘ಕೊರಿಯನ್’ ಎಂದು ಹುಡುಕಿದಾಗ ಎರಡು ವರ್ಷ ಹಳೆಯ ಇಶ್ಯೂ ಒಂದು ಸಿಕ್ಕಿತು. ಯಾರೂ ಉತ್ತರಿಸದೆ ಬಾಟ್ ತಾನಾಗಿ ಮುಚ್ಚಿದ್ದು. ಇಂಥದ್ದು ಸಿಕ್ಕರೆ ಬಲ ಬಂತೆಂದೇ ತಿಳಿಯಬೇಕು. ಹೊಸ ವರದಿಯಲ್ಲಿ ಅದರ ಕೊಂಡಿ ಕೊಟ್ಟರೆ ಇದು ಒಂದು ಭಾಷೆಯ ವಿಚಿತ್ರವಲ್ಲ, ಹಲವು ಭಾಷೆಗಳ ತೊಂದರೆ ಎಂಬುದು ಮೊದಲ ಸಾಲಿಗೇ ಮನವರಿಕೆಯಾಗುತ್ತದೆ.

ವರದಿ ಬರೆಯುವಾಗ ಒಂದೇ ಮಾತು ನೆನಪಿನಲ್ಲಿರಲಿ: ಓದುವವರಿಗೆ ಕನ್ನಡ ಎಂದರೆ ಸುರುಳಿ ಸುರುಳಿ ಚಿತ್ರ. ‘ಪೀಣ್ಯ ಹುಡುಕಿದರೆ ಸಿಗುತ್ತಿಲ್ಲ’ ಎಂದು ಸ್ಕ್ರೀನ್‌ಶಾಟ್ ಹಾಕಿದರೆ, ಎರಡು ಚಿತ್ರಗಳೂ ಒಂದೇ ಪದವೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಸಂಖ್ಯೆಗಳನ್ನೇ ಕೊಡಬೇಕು. ಟೈಪ್ ಮಾಡಿದ್ದು ಈ ಐದು, ಕಡತದಲ್ಲಿರುವುದು ಈ ಆರು, ಯೂನಿಕೋಡ್ ಪ್ರಕಾರ ಎರಡೂ ಸಮಾನ. ಆ ಮೇಲೆ, ಅವರ ಬಳಿ ಹಳೆಯ ಮ್ಯಾಕ್ ಇರುವುದಿಲ್ಲವಾದ್ದರಿಂದ, ಬಗ್ಗನ್ನು ಅವರ ಯಂತ್ರದಲ್ಲೇ ಹುಟ್ಟಿಸುವ ದಾರಿ. ನಾಲ್ಕು ಸಾಲಿನ ಪೈಥಾನ್ ಸ್ಕ್ರಿಪ್ಟ್ ಸಾಕು: ಸಂಖ್ಯೆಗಳಿಂದ ಹೆಸರನ್ನು ಕಟ್ಟಿ, ಆ ಹೆಸರಿನ ಖಾಲಿ ಕಡತವೊಂದನ್ನು ಮಾಡುವುದು. ಕನ್ನಡ ಕೀಲಿಮಣೆ ಇಲ್ಲದವರೂ ಪರೀಕ್ಷಿಸಲೆಂದು ಲ್ಯಾಟಿನ್ ಲಿಪಿಯ ಉದಾಹರಣೆಯೊಂದನ್ನೂ ಜೊತೆಗಿಟ್ಟದ್ದು ತುಂಬಾ ಕೆಲಸಕ್ಕೆ ಬಂತು, ಸ್ವರಚಿಹ್ನೆ ಇರುವ ಫ್ರೆಂಚ್ ಪದ. ತಂತ್ರಾಂಶದ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಏನಾಗಬೇಕಿತ್ತು, ಏನಾಯಿತು ಇವು ಹೇಗೂ ಇರಬೇಕು. ಕೊನೆಯಲ್ಲಿ ಒಂದು ಪ್ರಶ್ನೆ: ‘ಹೋಲಿಸುವ ಮುನ್ನ ಎರಡೂ ಕಡೆ ಎನ್‌ಎಫ್‌ಸಿಗೆ ತರುವುದು ನನ್ನ ಯೋಚನೆ, ಒಪ್ಪಿಗೆಯೇ? ತಿದ್ದುಪಡಿ ನಾನೇ ಕಳಿಸುತ್ತೇನೆ.’

ಈ ಪ್ರಶ್ನೆ ಕೇಳದೆ ನೇರವಾಗಿ ಪಿಆರ್ (ಪುಲ್ ರಿಕ್ವೆಸ್ಟ್, ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ, ‘ನಾವು ಈ ಭಾಗವನ್ನೇ ತೆಗೆದುಹಾಕುತ್ತಿದ್ದೇವೆ’ ಎಂಬ ಉತ್ತರ ಪಡೆದು ವಾರದ ದುಡಿಮೆ ಕಳೆದುಕೊಳ್ಳುವವರಿದ್ದಾರೆ. ಕೇಳಿದ ಮೇಲೆ ಕಾಯಬೇಕು. ಮೇಂಟೇನರ್ ಜರ್ಮನಿಯಲ್ಲಿದ್ದರೆ ಚಳಿಗಾಲದಲ್ಲಿ ಅವರ ಬೆಳಗಿನ 9 ಗಂಟೆ ನಮಗೆ ಮಧ್ಯಾಹ್ನ 1.30. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ ನಮಗೆ ರಾತ್ರಿ 10.30. ಬಹುಪಾಲು ಮಂದಿ ಇದನ್ನು ಸಂಬಳವಿಲ್ಲದೆ, ವಾರಾಂತ್ಯದಲ್ಲಿ ಮಾಡುವವರು. ಎರಡು ವಾರದವರೆಗೆ ಸುಮ್ಮನಿದ್ದು, ನಂತರ ಒಂದೇ ಸಾಲಿನಲ್ಲಿ ನೆನಪಿಸುವುದು ಸರಿಯಾದ ಲೆಕ್ಕ. ಇಲ್ಲಿ ಒಪ್ಪಿಗೆ ಒಂಬತ್ತನೆಯ ದಿನ ಬಂತು.

ಕಾಯುವ ದಿನಗಳಲ್ಲಿ ಮುಗಿಸಬೇಕಾದ ಒಂದು ಕೆಲಸವಿದೆ, ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೌಕರಿಗೆ ಸೇರುವಾಗ ಸಹಿ ಹಾಕಿದ ಪತ್ರ ತೆಗೆದು ಓದಿ. ನೌಕರಿಯಲ್ಲಿರುವಷ್ಟು ಕಾಲ ನೀವು ಬರೆಯುವ ಕೋಡ್ ಎಲ್ಲವೂ ಕಂಪನಿಯದು ಎಂಬ ಅರ್ಥದ ಕಲಂ ಹಲವು ಪತ್ರಗಳಲ್ಲಿರುತ್ತದೆ. ಕೆಲವದರಲ್ಲಿ ಬಿಡುವಿನ ವೇಳೆಯ ಕೆಲಸವೂ ಸೇರುತ್ತದೆ. ನಿಮ್ಮದಲ್ಲದ ಕೋಡನ್ನು ನಿಮ್ಮದೆಂದು ಯೋಜನೆಗೆ ಕೊಟ್ಟರೆ ತೊಂದರೆ ನಿಮಗಷ್ಟೇ ಅಲ್ಲ, ಯೋಜನೆಗೂ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಅನುಮತಿಯ ಫಾರಂ ಇರುತ್ತದೆ, ಚಿಕ್ಕ ಕಡೆಗಳಲ್ಲಿ ಮ್ಯಾನೇಜರ್‌ಗೆ ಮತ್ತು ಎಚ್‌ಆರ್‌ಗೆ ಒಂದು ಇಮೇಲ್: ಯೋಜನೆಯ ಹೆಸರು, ಅದರ ಲೈಸೆನ್ಸ್, ಸ್ವಂತ ಲ್ಯಾಪ್‌ಟಾಪಿನಲ್ಲಿ ಸ್ವಂತ ಸಮಯದಲ್ಲಿ ಮಾಡುವುದು, ಕಂಪನಿಯ ವ್ಯವಹಾರಕ್ಕೆ ಸಂಬಂಧವಿಲ್ಲದ್ದು. ಉತ್ತರ ಬರಹದಲ್ಲಿರಲಿ. ಕಚೇರಿಯ ಲ್ಯಾಪ್‌ಟಾಪನ್ನು ಇದಕ್ಕೆ ಮುಟ್ಟಲೇಬೇಡಿ.

ಲೈಸೆನ್ಸ್ ಎಂದೆನಲ್ಲ, ಯೋಜನೆಗೆ ಯಾವ ಲೈಸೆನ್ಸೂ ಇಲ್ಲದಿದ್ದರೆ ಅದು ಮುಕ್ತ ತಂತ್ರಾಂಶವಲ್ಲ. ಕೋಡ್ ಎಲ್ಲರಿಗೂ ಕಂಡ ಮಾತ್ರಕ್ಕೆ ಬಳಸುವ, ಬದಲಿಸುವ ಹಕ್ಕು ಬರುವುದಿಲ್ಲ.

ಯಂತ್ರ ಸಿದ್ಧ ಮಾಡುವುದು

8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಇಂಥ ಯೋಜನೆಗೆ ಸಾಕು. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ನಂಥ ದೈತ್ಯರನ್ನು ಪೂರ್ತಿಯಾಗಿ ಕಟ್ಟಲು ಹತ್ತಾರು ಜಿಬಿ ಡಿಸ್ಕ್, ಗಂಟೆಗಟ್ಟಲೆ ಸಮಯ ಬೇಕು. ಮೊದಲ ಸಲಕ್ಕೆ ಅವು ಬೇಡ ಎಂದೇ ಹೇಳುತ್ತೇನೆ.

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸಲು ಬಂದರೂ ಹೊಸಬರು ಎಡವುವ ಜಾಗಗಳು ನಿಗದಿಯಾಗಿಯೇ ಇವೆ. ಯೋಜನೆಯ ಮೂಲ ಭಂಡಾರಕ್ಕೆ ನಿಮಗೆ ಬರೆಯುವ ಹಕ್ಕಿಲ್ಲ. ಹಾಗಾಗಿ ಯೋಜನೆಯ ಕೋಡ್ ಇರುವ ಗಿಟ್‌ಹಬ್ ತಾಣದ ನಿಮ್ಮ ಖಾತೆಯಲ್ಲಿ ಅದರ ಫೋರ್ಕ್ (ನಿಮ್ಮದೇ ಪ್ರತಿ) ಮಾಡಿ, ಆ ಫೋರ್ಕನ್ನು ನಿಮ್ಮ ಯಂತ್ರಕ್ಕೆ ಕ್ಲೋನ್ ಮಾಡಬೇಕು. ಆಗ ‘ಒರಿಜಿನ್’ ಎಂದರೆ ನಿಮ್ಮ ಪ್ರತಿ. ಮೂಲವನ್ನು ‘ಅಪ್‌ಸ್ಟ್ರೀಮ್’ ಎಂಬ ಹೆಸರಿನಲ್ಲಿ ಎರಡನೆಯ ರಿಮೋಟ್ ಆಗಿ ಸೇರಿಸಿಕೊಳ್ಳಬೇಕು. ಇದನ್ನು ಮರೆತವರ ಫೋರ್ಕ್ ತಿಂಗಳಲ್ಲಿ ನೂರು ಕಮಿಟ್ (ದಾಖಲಾದ ಬದಲಾವಣೆ) ಹಿಂದೆ ಬಿದ್ದಿರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಕ್ಲೋನ್ ಮಾಡುವಾಗ ‘ಫಿಲ್ಟರ್ ಬ್ಲಾಬ್ ನನ್’ ಆಯ್ಕೆ ಕೊಟ್ಟರೆ ಹಳೆಯ ಕಡತಗಳ ಒಡಲು ಬೇಕಾದಾಗ ಮಾತ್ರ ಇಳಿಯುತ್ತದೆ, ಕಮಿಟ್‌ಗಳ ಇತಿಹಾಸ ಮಾತ್ರ ಪೂರ್ತಿ ಸಿಗುತ್ತದೆ. ‘ಡೆಪ್ತ್ 1’ ಕೊಟ್ಟರೆ ಇನ್ನೂ ಬೇಗ ಇಳಿಯುತ್ತದೆ, ಆದರೆ ಇತಿಹಾಸವೇ ಇಲ್ಲದೆ ಒಂದು ಸಾಲು ಯಾಕೆ ಹೀಗಿದೆ ಎಂದು ಹಿಂದಿರುಗಿ ನೋಡಲಾಗದು. ಇಂಥ ಕೆಲಸಕ್ಕೆ ಆ ನೋಟ ಬೇಕೇ ಬೇಕು.

ಗಿಟ್‌ಗೆ ಕೊಡುವ ಇಮೇಲ್ ಶಾಶ್ವತವಾಗಿ ಜಗತ್ತಿಗೆಲ್ಲ ಕಾಣುತ್ತದೆ. ಕಚೇರಿಯ ವಿಳಾಸ ಅಲ್ಲಿ ಕುಳಿತಿದೆಯೇ ಎಂದು ಈ ಫೋಲ್ಡರಿಗೆ ಸೀಮಿತವಾಗಿ ನೋಡಿ ಬದಲಿಸಿ. ಸ್ವಂತ ವಿಳಾಸ ತೋರಿಸಲು ಇಷ್ಟವಿಲ್ಲದಿದ್ದರೆ ಗಿಟ್‌ಹಬ್ ಕೊಡುವ ‘ನೋರಿಪ್ಲೈ’ ವಿಳಾಸ ಬಳಸಬಹುದು.

ಈ ಯೋಜನೆ ಜಾವಾಸ್ಕ್ರಿಪ್ಟ್‌ನದು. ‘ಕಾಂಟ್ರಿಬ್ಯೂಟಿಂಗ್’ ಎಂಬ ಕಡತದಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ‘ನೋಡ್’ ತಂತ್ರಾಂಶದ ಯಾವ ಆವೃತ್ತಿ ಬೇಕೆಂದು ಇರುತ್ತದೆ. ಆ ಒಂದು ಸಾಲನ್ನು ಬಿಟ್ಟು ಓದಿದರೆ, ಅರ್ಧ ದಾರಿಯಲ್ಲಿ ಯಾವುದೋ ಸಿ ಪ್ಲಸ್ ಪ್ಲಸ್ ಭಾಗ ಕಂಪೈಲ್ ಆಗದೆ ನೂರಾರು ಸಾಲಿನ ಕೆಂಪು ಅಕ್ಷರ ಬರುತ್ತದೆ. ಬಹಳ ಸಲ ಕಾರಣ ನೋಡ್ ಆವೃತ್ತಿಯೇ, ಅದಲ್ಲದಿದ್ದರೆ ಉಬುಂಟುವಿನಲ್ಲಿ ‘ಬಿಲ್ಡ್ ಎಸೆನ್ಶಿಯಲ್’ ಪ್ಯಾಕೇಜ್ ಇಲ್ಲದಿರುವುದು. ಅವಲಂಬನೆಗಳನ್ನು ಇಳಿಸಲು ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಬಳಸಿ. ಮೊದಲನೆಯದು ‘ಪ್ಯಾಕೇಜ್ ಲಾಕ್’ ಕಡತವನ್ನು ಸದ್ದಿಲ್ಲದೆ ಬದಲಿಸಬಹುದು. ಅದು ನಿಮ್ಮ ತಿದ್ದುಪಡಿಯೊಳಗೆ ನುಸುಳಿ, ಆರು ಸಾಲಿನ ಪಿಆರ್ ಆರುನೂರು ಸಾಲಿನದಾಗುತ್ತದೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತು ಬದಲಾಗಿಯೂ ಹೀಗಾಗುತ್ತದೆ. ಎಡಿಟರ್ ತಾನಾಗಿ ಕೋಡನ್ನು ಅಂದಗೊಳಿಸುವ ಸೆಟ್ಟಿಂಗ್ ಚಾಲೂ ಇದ್ದರೂ ಹೀಗೇ. ಕಮಿಟ್ ಮಾಡುವ ಮುನ್ನ ‘ಗಿಟ್ ಡಿಫ್’ ಹಾಕಿ ಸಾಲು ಸಾಲೂ ಓದುವ ಅಭ್ಯಾಸ ಇವೆಲ್ಲಕ್ಕೂ ಒಂದೇ ಮದ್ದು.

ಒಂದಕ್ಷರವನ್ನೂ ಮುಟ್ಟುವ ಮುನ್ನ ಯೋಜನೆಯ ಎಲ್ಲ ಟೆಸ್ಟ್‌ಗಳನ್ನು (ಕೋಡ್ ಸರಿಯಿದೆಯೇ ಎಂದು ತಾನಾಗಿ ಪರೀಕ್ಷಿಸುವ ಕೋಡ್) ಒಮ್ಮೆ ಓಡಿಸಿ, ಫಲಿತಾಂಶ ಬರೆದಿಟ್ಟುಕೊಳ್ಳಿ. ಮುಂಚೆಯೇ ಸೋಲುತ್ತಿದ್ದ ಟೆಸ್ಟ್ ಯಾವುದು, ನಿಮ್ಮಿಂದ ಸೋತದ್ದು ಯಾವುದು ಎಂಬುದು ಆಮೇಲೆ ತಿಳಿಯುವುದು ಇದರಿಂದಲೇ.

ತಿದ್ದುಪಡಿ, ಮತ್ತು ಅದು ಕೆಟ್ಟ ಬಗೆ

ಹೊಸ ಬ್ರಾಂಚ್ ತೆಗೆದು ಮೊದಲು ಬರೆದದ್ದು ಟೆಸ್ಟ್: ಬಿಡಿಸಿದ ರೂಪದ ಶೀರ್ಷಿಕೆ, ಕೂಡಿಸಿದ ರೂಪದ ಹುಡುಕುಪದ, ಒಂದು ಫಲಿತಾಂಶ ಸಿಗಬೇಕು. ಓಡಿಸಿದರೆ ಸೋಲಬೇಕು, ಸೋತಿತು. ಸೋಲದ ಟೆಸ್ಟ್ ಬಗ್ಗನ್ನು ಹಿಡಿದಿಲ್ಲ ಎಂದೇ ಅರ್ಥ. ಟೆಸ್ಟಿನೊಳಗೆ ಕನ್ನಡ ಅಕ್ಷರಗಳನ್ನು ಟೈಪ್ ಮಾಡಬಾರದು, ಇದು ಮುಖ್ಯ. ಯಾವ ರೂಪ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಮುಂದೆ ಯಾರದ್ದೋ ಎಡಿಟರ್ ಎರಡನ್ನೂ ಒಂದೇ ಮಾಡಿಬಿಟ್ಟರೆ ಟೆಸ್ಟ್ ಏನನ್ನೂ ಪರೀಕ್ಷಿಸದೆ ಗೆಲ್ಲುತ್ತಲೇ ಇರುತ್ತದೆ. ಸಂಖ್ಯೆಗಳಿಂದ ಕಟ್ಟಿದ ಪದ, ಪಕ್ಕದಲ್ಲಿ ‘ಬೆಂಗಳೂರಿನ ಮೆಟ್ರೊ ನಿಲ್ದಾಣ’ ಎಂಬ ಕಾಮೆಂಟ್. ಐದು ಚಿಹ್ನೆಗೆ ಐದು ನಿಲ್ದಾಣ, ಜೊತೆಗೆ ಮೊದಲಿನಿಂದಲೂ ಸಿಗುತ್ತಿದ್ದ ಜಯನಗರ.

ಜಾವಾಸ್ಕ್ರಿಪ್ಟ್‌ನಲ್ಲಿ 2015ರ ಆವೃತ್ತಿಯಿಂದಲೇ ‘ನಾರ್ಮಲೈಸ್’ ಎಂಬ ಸಿದ್ಧ ಫಂಕ್ಷನ್ ಇದೆ. ಶೀರ್ಷಿಕೆಗೂ ಹುಡುಕುಪದಕ್ಕೂ ಅದನ್ನು ಹಚ್ಚಿದರೆ ಟೆಸ್ಟ್ ಗೆದ್ದಿತು. ಎರಡು ಸಾಲು. ಇಲ್ಲಿಗೆ ಮುಗಿಯಿತು ಎಂದೇ ಅನಿಸುತ್ತದೆ, ಮುಗಿದಿರಲಿಲ್ಲ.

ತಂತ್ರಾಂಶ ಸಿಕ್ಕ ಪದವನ್ನು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ‘ಪೀಣ್ಯ ಕೈಗಾರಿಕಾ ಪ್ರದೇಶ’ ಎಂಬ ಶೀರ್ಷಿಕೆಯಲ್ಲಿ ‘ಪ್ರದೇಶ’ ಹುಡುಕಿದಾಗ ಹಳದಿ ‘ಕಾ’ದ ದೀರ್ಘದಿಂದ ಶುರುವಾಗಿ ‘ದ’ದಲ್ಲಿ ನಿಂತಿತು. ‘ದೇ’ಯ ಉಳಿದ ಭಾಗ ಮತ್ತು ‘ಶ’ ಹೊರಗುಳಿದವು. ಕಾರಣ ಎಣಿಕೆ. ಕೂಡಿಸಿದ ರೂಪದಲ್ಲಿ ‘ಪ್ರದೇಶ’ಕ್ಕೆ ಮುಂಚೆ 15 ಸಂಕೇತಗಳು, ಬಿಡಿಸಿದ ಮೂಲದಲ್ಲಿ ‘ಪೀ’ ಮತ್ತು ‘ಕೈ’ ತಲಾ ಒಂದು ಹೆಚ್ಚಿಸಿ 17. ಹುಡುಕಿದ್ದು ಒಂದರಲ್ಲಿ, ಬಣ್ಣ ಬಳಿದದ್ದು ಇನ್ನೊಂದರಲ್ಲಿ. ಇಂಗ್ಲಿಷಿನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಕಾಣುತ್ತಿರಲಿಲ್ಲ. ಟೆಸ್ಟ್ ಹಸಿರಾದ ಮೇಲೂ ತಂತ್ರಾಂಶವನ್ನು ತೆರೆದು, ಕೈಯಾರೆ ಬಳಸಿ ನೋಡಬೇಕೆಂದು ಒತ್ತಿ ಹೇಳುವುದು ಇದಕ್ಕೇ.

ಹಾಗಾದರೆ ಮೂಲ ಹೆಸರನ್ನೇ ಕೂಡಿಸಿದ ರೂಪಕ್ಕೆ ಬದಲಿಸಿಬಿಟ್ಟರೆ? ಸುಲಭವೆನಿಸುವ ಈ ದಾರಿ ಅಪಾಯದ್ದು. ಲಿನಕ್ಸ್‌ನಲ್ಲಿ ಹೆಸರಿನ ಒಂದು ಬೈಟ್ ಬದಲಾದರೂ ಅದು ಬೇರೆಯೇ ಕಡತ. ತಂತ್ರಾಂಶ ಇಲ್ಲದ ಕಡತವನ್ನು ತೆರೆಯಲು ಹೋಗುತ್ತದೆ, ಬಳಸುವವರ ಟಿಪ್ಪಣಿ ‘ಕಳೆದುಹೋಗುತ್ತದೆ’. ಕೊನೆಗೆ ನಿಂತ ಉಪಾಯ ಇದು: ಕಡತದ ದಾರಿಯನ್ನು ಇದ್ದ ಹಾಗೇ ಇಟ್ಟುಕೊಂಡು, ತೋರಿಸುವ ಶೀರ್ಷಿಕೆಯ ಪ್ರತಿಯೊಂದನ್ನು ಓದುವಾಗಲೇ ಎನ್‌ಎಫ್‌ಸಿಗೆ ತರುವುದು. ಹುಡುಕುವುದೂ ಬಣ್ಣ ಬಳಿಯುವುದೂ ಆ ಪ್ರತಿಯ ಮೇಲೆಯೇ. ಒಂದೇ ಸಲ ಮಾಡುವುದರಿಂದ ಪ್ರತಿ ಕೀಲಿ ಒತ್ತಿದಾಗಲೂ ಸಾವಿರಾರು ಶೀರ್ಷಿಕೆಗಳನ್ನು ಮತ್ತೆ ಮತ್ತೆ ಪರಿವರ್ತಿಸುವ ಭಾರವೂ ತಪ್ಪಿತು.

ಪಿಆರ್ ಮತ್ತು ರಿವ್ಯೂ

ಕಮಿಟ್ ಸಂದೇಶದ ತಲೆಬರಹ 50 ಅಕ್ಷರದೊಳಗೆ, ಆಮೇಲೆ ಖಾಲಿ ಸಾಲು, ಆಮೇಲೆ 72 ಅಕ್ಷರಕ್ಕೆ ಮುರಿದ ವಿವರಣೆ ಎಂಬುದು ಹಳೆಯ ರೂಢಿ. ಏನು ಬದಲಿಸಿದೆ ಎಂಬುದು ಕೋಡಿನಲ್ಲೇ ಕಾಣುತ್ತದೆ, ಯಾಕೆ ಎಂಬುದನ್ನು ಬರೆಯಿರಿ. ಐದು ವರ್ಷದ ನಂತರ ಯಾರೋ ಆ ಸಾಲನ್ನು ಅಳಿಸಲು ಹೊರಟಾಗ ಅವರನ್ನು ತಡೆಯುವುದು ಆ ವಿವರಣೆಯೇ.

ಈ ಯೋಜನೆ ಪ್ರತಿ ಕಮಿಟ್‌ಗೂ ‘ಸೈನ್ ಆಫ್’ ಸಾಲು ಕೇಳುತ್ತದೆ. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಘೋಷಣೆ ಅದು. ಲಿನಕ್ಸ್ ಕರ್ನಲ್‌ನಲ್ಲಿ 2004ರಲ್ಲಿ ಶುರುವಾದ ಪದ್ಧತಿ, ಈಗ ಹಲವು ಕಡೆ ಹಬ್ಬಿದೆ. ಕಮಿಟ್ ಮಾಡುವಾಗ ‘ಹೈಫನ್ ಎಸ್’ ಹಾಕಿದರೆ ಸಾಲು ತಾನಾಗಿ ಸೇರುತ್ತದೆ. ಮರೆತರೆ ಕೊನೆಯ ಕಮಿಟನ್ನು ‘ಅಮೆಂಡ್’ ಮಾಡಿ ಸೇರಿಸಬಹುದು. ಕಮಿಟ್‌ನ ಇಮೇಲ್ ಒಂದು, ಸೈನ್ ಆಫ್ ಸಾಲಿನ ಇಮೇಲ್ ಇನ್ನೊಂದು ಆದರೆ ಬಾಟ್ ತಡೆಯುತ್ತದೆ. ಕಚೇರಿಯ ಒಪ್ಪಿಗೆ ಮೊದಲೇ ಪಡೆಯಿರಿ ಎಂದದ್ದು ಈ ಸಾಲಿಗಾಗಿಯೂ ಹೌದು.

ಪುಶ್ ಮಾಡಿ ಪಿಆರ್ ತೆರೆದ ಮೇಲೆ ತಪಾಸಣೆಗಳೆಲ್ಲ ಹಳದಿಯಾಗಿ ನಿಂತುಬಿಟ್ಟವು. ಏನೂ ಕೆಟ್ಟಿಲ್ಲ. ಗಿಟ್‌ಹಬ್‌ನಲ್ಲಿ ಮೊದಲ ಸಲ ಕಳಿಸುವವರ ಸಿಐ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಓಡಬೇಕಾದರೆ ಸಾಮಾನ್ಯವಾಗಿ ಮೇಂಟೇನರ್ ಒಂದು ಗುಂಡಿ ಒತ್ತಬೇಕು. ಅದು ಗೊತ್ತಿಲ್ಲದೆ ಪಿಆರ್ ಮುಚ್ಚಿ ಇನ್ನೊಂದು ತೆರೆಯುವವರನ್ನು ಕಂಡಿದ್ದೇನೆ, ಹಾಗೆ ಮಾಡಬೇಡಿ.

ಗುಂಡಿ ಒತ್ತಿದ ಮೇಲೆ ಲಿನಕ್ಸ್ ಹಸಿರು, ವಿಂಡೋಸ್ ಹಸಿರು, ಮ್ಯಾಕ್ ಕೆಂಪು. ಒಂದು ಟೆಸ್ಟ್ ಎರಡೂ ರೂಪದ ಹೆಸರಿನ ಎರಡು ಕಡತಗಳನ್ನು ಒಂದೇ ಫೋಲ್ಡರಿನಲ್ಲಿ ಮಾಡುತ್ತಿತ್ತು. ಮ್ಯಾಕ್‌ನ ಎಪಿಎಫ್‌ಎಸ್ ಹೆಸರನ್ನು ಕೊಟ್ಟ ರೂಪದಲ್ಲೇ ಇಟ್ಟುಕೊಂಡರೂ, ಎರಡು ರೂಪಗಳನ್ನು ಒಂದೇ ಹೆಸರೆಂದು ಭಾವಿಸುತ್ತದೆ. ಎರಡನೆಯದು ಮೊದಲನೆಯದರ ಮೇಲೆಯೇ ಬರೆದು, ಎರಡು ಇರಬೇಕಾದ ಕಡೆ ಒಂದೇ ಕಡತ ಉಳಿಯಿತು. ಎರಡು ಬೇರೆ ಫೋಲ್ಡರ್ ಮಾಡಿದ ಮೇಲೆ ಸರಿಹೋಯಿತು. ಮ್ಯಾಕ್ ಕೈಯಲ್ಲಿಲ್ಲದವರಿಗೂ ಈ ಪಾಠ ಸಿಕ್ಕಿದ್ದು ಮೂರು ವ್ಯವಸ್ಥೆಗಳಲ್ಲಿ ಓಡುವ ಸಿಐಯಿಂದ.

ರಿವ್ಯೂನಲ್ಲಿ ಮೂರು ಮಾತು ಬಂದವು. ಮೊದಲನೆಯದು: ಎನ್‌ಎಫ್‌ಕೆಸಿ ಯಾಕಲ್ಲ? ಆ ರೂಪ ಸಮಾನವಾದದ್ದನ್ನಷ್ಟೇ ಅಲ್ಲ, ಹೋಲುವುದನ್ನೂ ಒಂದು ಮಾಡುತ್ತದೆ. ಮೇಲೆ ಬರೆದ ಪುಟ್ಟ 2 ಸಾದಾ 2 ಆಗುತ್ತದೆ. ತೋರಿಸುವ ಶೀರ್ಷಿಕೆಯನ್ನು ಹಾಗೆ ಬದಲಿಸಿದರೆ ಬಳಸುವವರು ಬರೆದದ್ದೇ ಬೇರೆಯಾಗುತ್ತದೆ. ಇದನ್ನು ಬರೆದಾಗ ಒಪ್ಪಿದರು. ಎರಡನೆಯದು: ಡಿಸ್ಕಿನಲ್ಲಿ ಈಗಾಗಲೇ ಇರುವ ಹುಡುಕು ಸೂಚಿಯ (ಬೇಗ ಹುಡುಕಲೆಂದು ಮೊದಲೇ ಕಟ್ಟಿಟ್ಟ ಪಟ್ಟಿಯ) ಗತಿಯೇನು? ಅದು ಹಳೆಯ, ಬಿಡಿಸಿದ ಶೀರ್ಷಿಕೆಗಳಿಂದ ಕಟ್ಟಿದ್ದು. ಹೊಸ ಆವೃತ್ತಿ ಬಂದರೂ ಹಳೆಯ ಬಳಕೆದಾರರಿಗೆ ಪೀಣ್ಯ ಸಿಗುತ್ತಿರಲಿಲ್ಲ. ಇದು ನನ್ನ ಗಮನಕ್ಕೆ ಬಂದೇ ಇರಲಿಲ್ಲ. ಸೂಚಿಯ ಆವೃತ್ತಿ ಸಂಖ್ಯೆಯನ್ನು ಒಂದು ಹೆಚ್ಚಿಸಿದರೆ ತಂತ್ರಾಂಶ ಅದನ್ನು ತಾನೇ ಮತ್ತೆ ಕಟ್ಟುತ್ತದೆ. ಒಂದೇ ಅಂಕಿಯ ಬದಲಾವಣೆ, ಆದರೆ ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಮೂರನೆಯದು ಒಂದು ವೇರಿಯಬಲ್‌ನ ಹೆಸರು. ಅದರ ಬಗ್ಗೆ ವಾದಕ್ಕಿಳಿಯದೆ ಅವರು ಹೇಳಿದ್ದನ್ನೇ ಇಟ್ಟರೆ ಸಾಕು, ಮನೆ ಅವರದು.

ರಿವ್ಯೂ ಮಾತುಗಳಿಗೆ ಒಂದೊಂದಕ್ಕೂ ಉತ್ತರ ಕೊಡಬೇಕು, ‘ಸರಿಪಡಿಸಿದೆ’ ಎಂಬ ಒಂದು ಪದವಾದರೂ ಸರಿ. ಅಷ್ಟರಲ್ಲಿ ಮೂಲ ಮುಂದೆ ಹೋಗಿರುತ್ತದೆ. ಅಪ್‌ಸ್ಟ್ರೀಮ್‌ನಿಂದ ತಂದು ರಿಬೇಸ್ ಮಾಡಿ (ನಿಮ್ಮ ಕಮಿಟ್‌ಗಳನ್ನು ಅದರ ಮೇಲೆ ಮತ್ತೆ ಕೂರಿಸಿ), ‘ಫೋರ್ಸ್ ವಿತ್ ಲೀಸ್’ ಆಯ್ಕೆಯಲ್ಲಿ ಪುಶ್ ಮಾಡಿ. ಬರಿಯ ‘ಫೋರ್ಸ್’ ಬೇಡ. ಮೇಂಟೇನರ್ ನಿಮ್ಮ ಬ್ರಾಂಚಿಗೆ ತಾವೇ ಏನಾದರೂ ಸೇರಿಸಿದ್ದರೆ ಅದು ಒರೆಸಿಹೋಗುತ್ತದೆ. ಕೆಲವರು ರಿವ್ಯೂ ನಡುವೆ ರಿಬೇಸ್ ಬೇಡವೆನ್ನುತ್ತಾರೆ, ಹಾಗಿದ್ದರೆ ಹೊಸ ಕಮಿಟ್ ಸೇರಿಸುತ್ತಾ ಹೋಗುವುದು.

ಕೋಡ್ ಬರೆದುಕೊಡುವ ಎಐ ಉಪಕರಣಗಳ ಮಾತು ಬಂದೇ ಬರುತ್ತದೆ. ಯೋಜನೆಯ ನಿಯಮ ಏನೆಂದು ಮೊದಲು ಓದಿ. ಜೆಂಟೂ ಲಿನಕ್ಸ್ 2024ರಲ್ಲೇ ಅಂಥ ಕೊಡುಗೆ ಬೇಡವೆಂದು ತೀರ್ಮಾನಿಸಿತು, ಬೇರೆ ಕೆಲವು ಕಡೆ ಬಳಸಿದ್ದನ್ನು ಹೇಳಿದರೆ ಸಾಕು. ನಿಯಮ ಯಾವುದಿದ್ದರೂ, ‘ಎನ್‌ಎಫ್‌ಕೆಸಿ ಯಾಕಲ್ಲ’ ಎಂದು ಕೇಳಿದಾಗ ಉತ್ತರಿಸಬೇಕಾದವರು ನೀವೇ. 2020ರ ಅಕ್ಟೋಬರ್‌ನಲ್ಲಿ, ಪಿಆರ್ ಕಳಿಸಿದವರಿಗೆ ಟಿ-ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, ಆ ಟಿ-ಶರ್ಟ್ ಆಸೆಗೆ ‘ರೀಡ್‌ಮಿ’ ಕಡತಕ್ಕೆ ಒಂದೆರಡು ಪದ ಸೇರಿಸಿದ ಪಿಆರ್‌ಗಳು ಪ್ರವಾಹದಂತೆ ಬಂದು, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಸೀಮಿತವೆಂದು ನಿಯಮವನ್ನೇ ಬದಲಿಸಬೇಕಾಯಿತು. ಮೇಂಟೇನರ್‌ಗಳು ಹೊಸ ಹೆಸರುಗಳನ್ನು ಕೊಂಚ ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ.

ಇಷ್ಟನ್ನೂ ಒಬ್ಬರೇ ಕೂತು ಮಾಡಬೇಕಿಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಶುರುವಾಗಿ ಮುಂದೆ ‘ಫಾಸ್ ಡಾಟ್ ಇನ್’ ಆದ ಸಮ್ಮೇಳನದ ಕಾಲದಿಂದಲೂ ಈ ಕೆಲಸಕ್ಕೆ ಜೊತೆ ಸಿಗುತ್ತಾ ಬಂದಿದೆ. ಈಗ ಮುಕ್ತ ತಂತ್ರಾಂಶದ ಸಂಘಟನೆಯಾದ ಫಾಸ್ ಯುನೈಟೆಡ್‌ನ ಬೆಂಗಳೂರು ಕೂಟಗಳಿವೆ. ರಿವ್ಯೂಗೆ ಕಳಿಸುವ ಮುನ್ನ ಅಲ್ಲೊಬ್ಬರಿಗೆ ಡಿಫ್ ತೋರಿಸಿದರೆ ಸೂಚಿಯಂಥ ಪ್ರಶ್ನೆ ಅಲ್ಲೇ ಎದ್ದೀತು.

ಮರ್ಜ್ ಆದದ್ದು, ಅಂದರೆ ತಿದ್ದುಪಡಿ ಮೂಲಕ್ಕೆ ಸೇರಿದ್ದು, ಪಿಆರ್ ತೆರೆದ ಹನ್ನೆರಡನೆಯ ದಿನ. ಮರ್ಜ್ ಆದ ಕೂಡಲೇ ಜನರ ಕೈಗೆ ಬರುವುದಿಲ್ಲ, ಮುಂದಿನ ಬಿಡುಗಡೆಯವರೆಗೆ ಕಾಯಬೇಕು. ಬಿಡುಗಡೆಯಾದ ದಿನ ಆ ಆವೃತ್ತಿಯನ್ನೇ ಇಳಿಸಿ, ಹಳೆಯ ಸೂಚಿ ಇರುವ ಫೋಲ್ಡರಿನಲ್ಲಿ ತೆರೆದು ಐದೂ ನಿಲ್ದಾಣಗಳನ್ನು ಹುಡುಕಿದ್ದಾಯಿತು. ಐದೂ ಸಿಕ್ಕವು, ಹಳದಿ ಬಣ್ಣವೂ ಸರಿಯಾದ ಜಾಗದಲ್ಲಿ.

ಪರೀಕ್ಷಿಸುವಾಗಲೇ ಇನ್ನೊಂದು ಕಂಡಿದೆ. ‘ಸಾಫ್ಟ್‌ವೇರ್’ ಎಂದು ಬರೆದದ್ದು ‘ಸಾಫ್ಟ್ವೇರ್’ ಎಂದು ಹುಡುಕಿದರೆ ಸಿಗುವುದಿಲ್ಲ. ನಡುವೆ 8204 ಸಂಖ್ಯೆಯ, ಕಣ್ಣಿಗೆ ಕಾಣದ ಸಂಕೇತವೊಂದಿದೆ, ಒತ್ತು ಕೂಡದಂತೆ ತಡೆಯುವಂಥದ್ದು. ‘ರ‍್ಯಾಂಕ್’ನಲ್ಲಿ ಅದರ ಜೋಡಿ 8205 ಇದೆ. ಎನ್‌ಎಫ್‌ಸಿ ಇವೆರಡನ್ನೂ ಮುಟ್ಟುವುದಿಲ್ಲ. ಹುಡುಕುವಾಗ ಬಿಟ್ಟುಬಿಡೋಣ ಎಂದರೆ ಪರ್ಷಿಯನ್ ಬರಹದಲ್ಲಿ 8204 ಪದದ ಭಾಗಗಳನ್ನು ಬೇರ್ಪಡಿಸುವ ಕೆಲಸ ಮಾಡುತ್ತದೆ, ಅಲ್ಲಿಯವರನ್ನು ಕೇಳದೆ ತೀರ್ಮಾನಿಸುವಂತಿಲ್ಲ. ಮೊದಲ ಪಿಆರ್‌ಗೆ ಇದನ್ನು ತುರುಕದೆ ಬೇರೆಯದೇ ಇಶ್ಯೂ ತೆರೆದಾಗಿದೆ, ಎರಡೂ ರೂಪಗಳ ಸಂಖ್ಯೆಗಳ ಸಮೇತ.